ಗಾಯ ಉಳಿದಿದೆ, ಕಾಗದ ಕಳೆದಿದೆ

ಲ್ಯಾವಿಂಗ್ಟನ್, ನೈರೋಬಿ: 2023ರ ನವೆಂಬರ್ 1ರಂದು ಇಲ್ಲಿನ ಕನ್ನಡಿಗರೆಲ್ಲ ರಾಜ್ಯೋತ್ಸವದ ಶುಭಾಶಯ ಹಂಚಿಕೊಳ್ಳುತ್ತಿದ್ದ ದಿನವೇ ನಗರದ ಇನ್ನೊಂದು ಬದಿಯ ಕರಿಯೊಕೊರ್ ಸ್ಮಶಾನದಲ್ಲಿ ಒಂದು ಚಿಕ್ಕ ಸಮಾರಂಭ ನಡೆಯಿತು. ಕೀನ್ಯಾ ಪ್ರವಾಸಕ್ಕೆ ಬಂದಿದ್ದ ಬ್ರಿಟನ್ ದೊರೆ ಮೂರನೇ ಚಾರ್ಲ್ಸ್ ಅಲ್ಲಿ ನಾಲ್ವರು ವೃದ್ಧರಿಗೆ ಪದಕ ಕೊಟ್ಟರು. ನಾಲ್ವರೂ ಎರಡನೇ ಮಹಾಯುದ್ಧದಲ್ಲಿ ಕಿಂಗ್ಸ್ ಆಫ್ರಿಕನ್ ರೈಫಲ್ಸ್ ಪಡೆಯಲ್ಲಿ ಇದ್ದವರು. ನೂರು ವರ್ಷ ದಾಟಿದವರು. ಒಬ್ಬರ ವಯಸ್ಸು 117 ಎಂದು ಪತ್ರಿಕೆಗಳು ಬರೆದವು.

ಅವು ಹೊಸ ಪದಕಗಳಲ್ಲ. ದಶಕಗಳ ಹಿಂದೆ ಸಿಕ್ಕಿ ಕಳೆದುಹೋಗಿದ್ದವಕ್ಕೆ ಬದಲಿಯಾಗಿ ಕೊಟ್ಟವು. 1950ರ ದಶಕದಲ್ಲಿ ಇಲ್ಲಿ ಮಾವು ಮಾವು ದಂಗೆ ನಡೆದಾಗ ಬ್ರಿಟಿಷರ ಪದಕ ಮನೆಯಲ್ಲಿದ್ದರೆ ಅಪಾಯವೆಂದು ಅನೇಕ ಮಾಜಿ ಸೈನಿಕರು ಅವನ್ನು ಎಸೆದಿದ್ದರು, ನಾಶ ಮಾಡಿದ್ದರು. ಎಪ್ಪತ್ತು ವರ್ಷದ ನಂತರ ನಾಲ್ವರಿಗೆ ಅದು ಮರಳಿ ಬಂತು. ಉಳಿದವರಲ್ಲಿ ಹೆಚ್ಚಿನವರು ಆಗಲೇ ತೀರಿಹೋಗಿದ್ದರು.

ಈ ಸುದ್ದಿ ಓದಿದ ಮೇಲೆ ನಮ್ಮ ಲ್ಯಾವಿಂಗ್ಟನ್ ಬಳಗದಲ್ಲಿ ಒಂದು ಮಾತು ಶುರುವಾಯಿತು. ಇಲ್ಲಿರುವ ನಮ್ಮಲ್ಲಿ ಹಲವರ ತಂದೆ, ಮಾವ, ದೊಡ್ಡಪ್ಪ ಸೈನ್ಯದಲ್ಲಿದ್ದವರು. ಕೊಡಗು, ಬೆಳಗಾವಿ, ವಿಜಯಪುರ, ಬಾಗಲಕೋಟೆ, ಗದಗ, ಹಾಸನದ ಕಡೆಯ ಮನೆಗಳಲ್ಲಿ ಇದು ಹೊಸ ಸಂಗತಿಯಲ್ಲ. 1965, 1971, ಶ್ರೀಲಂಕಾದ ಶಾಂತಿಪಾಲನಾ ಪಡೆ, ಕಾರ್ಗಿಲ್ ಎಂದು ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಹೆಸರು. ಅವರಲ್ಲಿ ಗಾಯಗೊಂಡವರೂ ಇದ್ದಾರೆ. ಗಾಯಗೊಂಡಿದ್ದಕ್ಕೆ ಕಾಗದವೇ ಇಲ್ಲದವರೂ ಇದ್ದಾರೆ. ಈ ಬರಹ ಅಂಥವರ ಮನೆಗಳಿಗೆ.

ಹೆಸರಿಲ್ಲದವರ ಊರು

ಕರಿಯೊಕೊರ್ ಎಂಬ ಹೆಸರೇ ಒಂದು ದಾಖಲೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಸಾಮಾನು ಹೊರಲು ಆಫ್ರಿಕನ್ನರನ್ನು ಸೇರಿಸಿ ಕಟ್ಟಿದ ಕ್ಯಾರಿಯರ್ ಕೋರ್ ಎಂಬ ಹೆಸರು ಸ್ಥಳೀಯರ ಬಾಯಲ್ಲಿ ಕರಿಯೊಕೊರ್ ಆಯಿತು. ಇಂದು ಅಲ್ಲಿ ಮಾರುಕಟ್ಟೆಯಿದೆ, ನಾವೂ ಬುಟ್ಟಿ, ಚಪ್ಪಲಿ ಕೊಳ್ಳಲು ಹೋಗುತ್ತೇವೆ. ಟಾಂಜಾನಿಯಾದ ದಾರ್ ಎಸ್ ಸಲಾಮ್‌ನ ಕರಿಯಾಕೂ ಬಡಾವಣೆಗೂ ಇದೇ ಮೂಲ. ಊರಿಗೆ ಹೆಸರು ಉಳಿಯಿತು, ಆ ಹೊರೆಯಾಳುಗಳ ಹೆಸರು ಉಳಿಯಲಿಲ್ಲ.

ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ 2021ರ ಏಪ್ರಿಲ್‌ನಲ್ಲಿ ಒಂದು ವರದಿ ಪ್ರಕಟಿಸಿ ಇದನ್ನು ಒಪ್ಪಿಕೊಂಡಿತು. ಮೊದಲ ಮಹಾಯುದ್ಧದಲ್ಲಿ ಮಡಿದ ಕನಿಷ್ಠ 1,16,000 ಮಂದಿ, ಬಹುಶಃ 3,50,000 ಮಂದಿಯವರೆಗೂ, ಹೆಸರಿನಿಂದ ಸ್ಮರಿಸಲ್ಪಟ್ಟಿಲ್ಲ ಅಥವಾ ಸ್ಮರಿಸಲ್ಪಟ್ಟೇ ಇಲ್ಲ ಎಂದಿತು. ಅವರಲ್ಲಿ ಹೆಚ್ಚಿನವರು ಪೂರ್ವ ಆಫ್ರಿಕಾ ಮತ್ತು ಈಜಿಪ್ಟಿನವರು. ಇನ್ನೂ 45,000ದಿಂದ 54,000 ಮಂದಿಯನ್ನು ಇತರರಿಗೆ ಸಮಾನವಾಗಿ ಸ್ಮರಿಸಿಲ್ಲ ಎಂದಿತು. ಆ ಪಟ್ಟಿಯಲ್ಲಿ ಭಾರತೀಯರೂ ಇದ್ದಾರೆ. ಬ್ರಿಟನ್ನಿನ ರಕ್ಷಣಾ ಸಚಿವರು ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

ಇದರಲ್ಲಿ ನಮ್ಮ ಊರಿನ ಹೆಸರೂ ಸೇರಿದೆ ಎಂಬುದು ಇಲ್ಲಿನ ಕನ್ನಡಿಗರಲ್ಲಿ ಹಲವರಿಗೆ ಗೊತ್ತಿಲ್ಲ. 1914ರ ನವೆಂಬರ್ ಮೊದಲ ವಾರ ಜರ್ಮನರ ವಶದಲ್ಲಿದ್ದ ಟಾಂಗಾ ಬಂದರಿನ ಮೇಲೆ ದಾಳಿ ಮಾಡಲು ಭಾರತದಿಂದ ಹಡಗಿನಲ್ಲಿ ಬಂದ ಸುಮಾರು 8,000 ಮಂದಿಯ ಪಡೆಯಲ್ಲಿ ಒಂದು ಭಾಗ 27ನೇ ಬೆಂಗಳೂರು ಬ್ರಿಗೇಡ್. ಎದುರಿಗಿದ್ದ ಜರ್ಮನ್ ಪಡೆ ಸಾವಿರದ ಆಸುಪಾಸು. ಆದರೂ ಬ್ರಿಟಿಷರ ಪಡೆ ಸೋತು ಹಡಗು ಹತ್ತಿತು. ಆ ಯುದ್ಧರಂಗದಲ್ಲಿ ಮಡಿದು ಸಮಾಧಿಯೂ ಸಿಗದವರಿಗಾಗಿ ನೈರೋಬಿ ಸೌತ್ ಸ್ಮಶಾನದಲ್ಲಿ ಬ್ರಿಟಿಷ್ ಮತ್ತು ಭಾರತೀಯ ಸ್ಮಾರಕವಿದೆ. ಎರಡನೇ ಯುದ್ಧದವರ ಸಮಾಧಿಗಳು ಲ್ಯಾವಿಂಗ್ಟನ್‌ನಿಂದ ಕೆಲವೇ ಕಿಲೋಮೀಟರ್ ದೂರದ ಎನ್‌ಗಾಂಗ್ ರಸ್ತೆಯಲ್ಲಿವೆ. ಮಕ್ಕಳನ್ನು ಶಾಲೆಗೆ ಬಿಡುವ ದಾರಿಯಲ್ಲಿ ಅದರ ಗೇಟಿನ ಮುಂದೆ ಹಾದುಹೋಗುವವರು ನಮ್ಮಲ್ಲೂ ಇದ್ದಾರೆ.

ಗಾಯಕ್ಕೂ ಪದಕವಿದೆ

ಬ್ರಿಟಿಷರ ಕಾಲದಲ್ಲಿ ಗಾಯಕ್ಕೆ ಪದಕ ಇರಲಿಲ್ಲ. 1916ರಿಂದ ಸಮವಸ್ತ್ರದ ತೋಳಿಗೆ ಒಂದು ಸಣ್ಣ ಪಟ್ಟಿ ಹೊಲಿಯುತ್ತಿದ್ದರು, ಅಷ್ಟೇ. ಅಮೆರಿಕದಲ್ಲಿ ಪರ್ಪಲ್ ಹಾರ್ಟ್ ಎಂಬ ಪದಕವನ್ನು 1932ರಲ್ಲಿ ಈಗಿನ ರೂಪಕ್ಕೆ ತಂದರು.

ಸ್ವತಂತ್ರ ಭಾರತದಲ್ಲಿ ಗಾಯದ ಪದಕ ಬಂದದ್ದು 1973ರಲ್ಲಿ. ಸೇನೆಯ ಕಾಗದಗಳಲ್ಲಿ ಇದರ ಹೆಸರು ವೂಂಡ್ ಮೆಡಲ್. ಪರಾಕ್ರಮ ಪದಕ ಎಂದೂ ಕರೆಯುತ್ತಾರೆ. ಶತ್ರುವಿನ ನೇರ ಕಾರ್ಯಾಚರಣೆಯಿಂದ ಗಾಯಗೊಂಡ ಭೂಸೇನೆ, ನೌಕಾಪಡೆ, ವಾಯುಪಡೆಯ ಯಾವುದೇ ದರ್ಜೆಯವರಿಗೂ ಇದು ಸಲ್ಲುತ್ತದೆ. ಭಯೋತ್ಪಾದಕರು, ಬಂಡುಕೋರರ ವಿರುದ್ಧದ ಕಾರ್ಯಾಚರಣೆಗಳೂ ಸೇರಿವೆ. ಇನ್ನೊಂದು ಮುಖ್ಯ ಸಂಗತಿಯೆಂದರೆ 1973ರಲ್ಲಿ ಬಂದ ಈ ಪದಕವನ್ನು 1947ರ ಆಗಸ್ಟ್ 15ರಿಂದಲೇ ಅನ್ವಯವಾಗುವಂತೆ ಮಾಡಲಾಯಿತು. ಹಾಗಾಗಿ 1962, 1965, 1971ರ ಗಾಯಾಳುಗಳೂ ಅರ್ಹರು. ಅವರಲ್ಲಿ ಕೆಲವರು ಪದಕ ಹುಟ್ಟುವ ಮೊದಲೇ ಸೈನ್ಯ ಬಿಟ್ಟು ಊರಿಗೆ ಬಂದು ಹೊಲದ ಕೆಲಸ ಹಿಡಿದಿದ್ದರು. ಅವರಿಗೆ ವಿಷಯ ತಿಳಿಸುವವರು ಯಾರು?

ನಮ್ಮ ಬಳಗದ ಒಬ್ಬರ ತಂದೆಯ ವಿಷಯವೂ ಹೀಗೆಯೇ. 1971ರ ಡಿಸೆಂಬರ್‌ನಲ್ಲಿ ಪಶ್ಚಿಮ ಗಡಿಯಲ್ಲಿ ಷೆಲ್ಲಿನ ಚೂರು ತೊಡೆಗೆ ಹೊಕ್ಕಿತು. ಆಸ್ಪತ್ರೆಯಲ್ಲಿದ್ದು, ಗುಣವಾಗಿ, ಮತ್ತೆ ಕೆಲಸಕ್ಕೆ ಹಾಜರಾದರು. ಕೆಲವು ವರ್ಷಗಳ ನಂತರ ಮನೆಯ ಕಷ್ಟಕ್ಕೆ, ಪಿಂಚಣಿಗೆ ಬೇಕಾದ 15 ವರ್ಷ ಮುಗಿಯುವ ಮೊದಲೇ, ಬಿಡುಗಡೆ ಕೇಳಿ ಪಡೆದು ಊರಿಗೆ ಬಂದರು. ಐವತ್ತು ವರ್ಷ ಆ ಚೂರಿನ ಮಾತು ಯಾರೂ ಎತ್ತಲಿಲ್ಲ. ಎರಡು ವರ್ಷದ ಹಿಂದೆ ಮಂಡಿನೋವಿಗೆ ವೈದ್ಯರು ಎಂಆರ್‌ಐ ಮಾಡಿಸಲು ಹೇಳಿದರು. ಅದಕ್ಕೆ ಮೊದಲು ತೆಗೆದ ಎಕ್ಸ್‌ರೇಯಲ್ಲಿ ಲೋಹದ ಚೂರು ಬಿಳಿಯಾಗಿ ಕಂಡಿತು. ಇದೇನು, ಎಲ್ಲಿಯದು, ಕಾಗದವಿದೆಯೇ ಎಂದು ವೈದ್ಯರು ಕೇಳಿದರು. ಕಾಗದ ಹುಡುಕುವ ಕೆಲಸ ಅಲ್ಲಿಂದ ಶುರುವಾಯಿತು.

ಬರೆದ ಪತ್ರಕ್ಕೆ ಬಂದ ಉತ್ತರ ನಾಲ್ಕೇ ಸಾಲು. ಪಿಂಚಣಿ ಇಲ್ಲದವರ ಸೇವಾ ಕಡತಗಳನ್ನು 25 ವರ್ಷ ಇಟ್ಟು ನಂತರ ನಾಶ ಮಾಡುವುದು ನಿಯಮ, ತಮ್ಮದನ್ನೂ ಹಾಗೆಯೇ ಮಾಡಲಾಗಿದೆ ಎಂದು. ಬರೆದವರದು ಸುಳ್ಳಲ್ಲ. ಸೇನೆಯ ನಿಯಮಾವಳಿಯಲ್ಲಿ ಅದು ಹಾಗೆಯೇ ಇದೆ. ಗಾಯ ನಿಜ, ನಿಯಮವೂ ನಿಜ. ಮಗ ನೈರೋಬಿಯಲ್ಲಿ, ತಂದೆ ಎಂಬತ್ತರ ಹತ್ತಿರ. ಮುಂದೇನು?

ಕಾಗದ ಎಲ್ಲಿ ತಪ್ಪುತ್ತದೆ?

ನಾವು ಲೆಕ್ಕಪತ್ರದ ಕೆಲಸದವರು. ಒಂದು ಖರ್ಚಿನ ವೋಚರ್ ಕಾಣೆಯಾದರೆ ಖರ್ಚೇ ಆಗಿಲ್ಲ ಎನ್ನುವುದಿಲ್ಲ. ಆ ವೋಚರ್ ಹಾದುಹೋದ ದಾರಿ ಹಿಡಿದು ಇನ್ನೆಲ್ಲಿ ಅದರ ಗುರುತು ಬಿದ್ದಿದೆ ಎಂದು ಹುಡುಕುತ್ತೇವೆ. ಗಾಯದ ದಾಖಲೆಗೂ ಇದೇ ಕ್ರಮ. ಆದ್ದರಿಂದ ಮೊದಲು ಆ ದಾರಿ ತಿಳಿಯಬೇಕು.

ರಣರಂಗದಲ್ಲಿ ಗಾಯಗೊಂಡವನನ್ನು ಮೊದಲು ಪಲ್ಟನ್ನಿನ ಪ್ರಥಮ ಚಿಕಿತ್ಸಾ ಠಾಣೆಗೆ ಒಯ್ಯುತ್ತಾರೆ. ಅಲ್ಲಿ ಒಂದು ವೈದ್ಯಕೀಯ ಚೀಟಿ ಬರೆದು ಅವನ ಮೈಗೇ ಕಟ್ಟುತ್ತಾರೆ. ಅಲ್ಲಿಂದ ಫೀಲ್ಡ್ ಆಂಬುಲೆನ್ಸ್, ಅಲ್ಲಿಂದ ಮಿಲಿಟರಿ ಆಸ್ಪತ್ರೆ. ಪ್ರತಿ ಕಡೆಯೂ ದಾಖಲು ಪುಸ್ತಕದಲ್ಲಿ ಹೆಸರು ಏರುತ್ತದೆ. ಇತ್ತ ಪಲ್ಟನ್ ತನ್ನ ಗಾಯಾಳುಗಳ ವರದಿಯನ್ನು ಮೇಲಕ್ಕೆ ಕಳಿಸುತ್ತದೆ. ಆ ದಿನದ ಯುದ್ಧ ದಿನಚರಿಯಲ್ಲಿ ನಡೆದದ್ದನ್ನು ಬರೆಯುತ್ತದೆ. ದಾಖಲೆ ಕಚೇರಿ ಅದನ್ನು ಭಾಗ ಎರಡರ ಆದೇಶ ಎಂಬ ಪ್ರಕಟಣೆಯಲ್ಲಿ ಸೇರಿಸಿ ಸೈನಿಕನ ಸೇವಾ ಹಾಳೆಯಲ್ಲಿ ನಮೂದಿಸಬೇಕು.

ಇಲ್ಲಿ ಒಂದು ಪದದ ವ್ಯತ್ಯಾಸವೂ ದೊಡ್ಡದು. ಗಾಯವನ್ನು ಬ್ಯಾಟಲ್ ಕ್ಯಾಶುಯಲ್ಟಿ ಎಂದು ಬರೆದರೆ ಪದಕದ ಬಾಗಿಲು ತೆರೆಯುತ್ತದೆ. ಫಿಸಿಕಲ್ ಕ್ಯಾಶುಯಲ್ಟಿ ಎಂದು ಬರೆದರೆ ಅದು ಅಪಘಾತದ ಸಾಲಿಗೆ ಸೇರುತ್ತದೆ. ಯುದ್ಧದ ಗಡಿಬಿಡಿಯಲ್ಲಿ ಗುಮಾಸ್ತನೊಬ್ಬ ಬರೆದ ಒಂದು ಪದ ಐವತ್ತು ವರ್ಷ ಕೂತಿರುತ್ತದೆ. ಸ್ವಲ್ಪ ದಿನದಲ್ಲೇ ಗುಣವಾಗಿ ಪಲ್ಟನ್ನಿಗೆ ಮರಳಿದವರ ನಮೂದು ಕೆಲವೊಮ್ಮೆ ಆಗಿಯೇ ಇರುವುದಿಲ್ಲ. ಪಲ್ಟನ್ ಆಗಲೇ ಬೇರೆ ಗಡಿಗೆ ಹೊರಟಿರುತ್ತದೆ.

ಇದಕ್ಕೆ ಹೆಸರಿನ ತೊಂದರೆಯೂ ಸೇರುತ್ತದೆ. ನಮ್ಮ ಊರಿನ ಹೆಸರುಗಳು ಇಂಗ್ಲಿಷಿನಲ್ಲಿ ಒಂದು ಬಗೆ, ಹಿಂದಿಯಲ್ಲಿ ಇನ್ನೊಂದು ಬಗೆ. ಭರ್ತಿಯ ದಿನ ಅಪ್ಪನ ಹೆಸರು ಮುಂದೆ ಬಂತು, ಊರಿನ ಹೆಸರು ಬಿಟ್ಟುಹೋಯಿತು, ಅಡ್ಡಹೆಸರು ಹಿಂದುಮುಂದಾಯಿತು. ಆಧಾರ್ ಕಾರ್ಡಿನ ಹೆಸರಿಗೂ ಡಿಸ್ಚಾರ್ಜ್ ಪುಸ್ತಕದ ಹೆಸರಿಗೂ ತಾಳೆಯಿಲ್ಲ. ಹಾಗಾಗಿ ಹುಡುಕಾಟಕ್ಕೆ ಹೆಸರಿಗಿಂತ ಸೇನಾ ಸಂಖ್ಯೆಯೇ ಮುಖ್ಯ. ಎಂಬತ್ತು ದಾಟಿದ ಸೈನಿಕರಿಗೆ ಮೊಮ್ಮಕ್ಕಳ ಹೆಸರು ಮರೆತೀತು, ಆ ಸಂಖ್ಯೆ ಮರೆಯುವುದಿಲ್ಲ. ಇದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಶತ್ರುವಿನ ಪುಸ್ತಕದಲ್ಲಿ ಸಿಕ್ಕ ಸಾಕ್ಷಿ

ದಾಖಲೆ ನಮ್ಮಲ್ಲಿ ಇಲ್ಲದಿದ್ದರೆ ಎಲ್ಲೂ ಇಲ್ಲ ಎಂದಲ್ಲ. ಇದಕ್ಕೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರಿಗಿಂತ ದೊಡ್ಡ ಉದಾಹರಣೆ ಬೇಡ.

1965ರ ಸೆಪ್ಟೆಂಬರ್ 7ರಂದು ಆದಂಪುರದಿಂದ ಹೊರಟ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ಮಾಡಿದವು. ದೇವಯ್ಯ ಕಾದಿರಿಸಿದ ಪೈಲಟ್. ಮುಂದಿನವರ ಜಾಗ ತೆರವಾದಾಗ ಸೇರಿಕೊಂಡವರು. ದಾಳಿ ಮುಗಿಸಿ ಉಳಿದವರು ಬಂದರು, ಅವರು ಬರಲಿಲ್ಲ. ಏನಾಯಿತೆಂದು ಕಂಡವರು ನಮ್ಮ ಕಡೆ ಯಾರೂ ಇರಲಿಲ್ಲ. ಕಾಣೆಯಾದವರು ಎಂದು ಬರೆದರು. ಮನೆಯವರಿಗೆ ಸಿಕ್ಕ ವಿವರ ಅಷ್ಟೇ.

1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1965ರ ವಾಯುಯುದ್ಧದ ಬಗ್ಗೆ ಪಾಕಿಸ್ತಾನದ ದಾಖಲೆಗಳ ನೆರವಿನಿಂದ ಬರೆದ ಪುಸ್ತಕ ಬಂತು. ಬೆನ್ನಟ್ಟಿ ಬಂದ ಸ್ಟಾರ್‌ಫೈಟರ್ ವಿಮಾನದ ಜೊತೆ ಒಂದು ಮಿಸ್ಟೇರ್ ಕಾದಾಡಿ ಅದನ್ನು ಉರುಳಿಸಿತೆಂಬುದು ಅದರಿಂದ ತಿಳಿಯಿತು. ಸ್ಟಾರ್‌ಫೈಟರ್ ವೇಗದಲ್ಲಿ ಮಿಸ್ಟೇರಿಗಿಂತ ಬಹಳ ಮುಂದಿದ್ದ ವಿಮಾನ. ಅದರ ಪೈಲಟ್ ಹೊರಕ್ಕೆ ಹಾರಿ ಬದುಕಿಕೊಂಡರು. ಆ ಮಿಸ್ಟೇರ್ ದೇವಯ್ಯನವರದಲ್ಲದೆ ಬೇರೆಯವರದಾಗಿರಲು ಸಾಧ್ಯವಿರಲಿಲ್ಲ. ಅಂದಿನ ಅವರ ಸ್ಕ್ವಾಡ್ರನ್ ನಾಯಕ ಓ.ಪಿ. ತನೇಜಾ ವಾಯುಪಡೆಯ ಕೇಂದ್ರ ಕಚೇರಿಗೆ ಬರೆದು ವಿಷಯವನ್ನು ಎತ್ತಿ ಹಿಡಿದರು. 1988ರಲ್ಲಿ, ಅಂದರೆ 23 ವರ್ಷದ ನಂತರ, ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಇಂದು ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ. 2025ರ ಜನವರಿಯಲ್ಲಿ ಬಂದ ಸ್ಕೈ ಫೋರ್ಸ್ ಹಿಂದಿ ಸಿನಿಮಾದ ಕಥೆಗೂ ಅವರೇ ಪ್ರೇರಣೆ.

ಮಹಾವೀರ ಚಕ್ರವೇ ಬೇರೆ, ಗಾಯದ ಪದಕವೇ ಬೇರೆ ಎಂಬುದು ಸರಿ. ಆದರೆ ಈ ಪ್ರಕರಣದಿಂದ ಎರಡು ವಿಷಯ ಕಲಿಯಬಹುದು. ಒಂದು, ಸಾಕ್ಷಿ ಅನಿರೀಕ್ಷಿತ ಜಾಗದಲ್ಲಿರಬಹುದು. ಎರಡು, ಅದು ಸಿಕ್ಕ ಮೇಲೂ ಪಟ್ಟು ಬಿಡದೆ ಬರೆಯುವ ಒಬ್ಬರು ಬೇಕು. ಪುಸ್ತಕ ಬಂದದ್ದಕ್ಕೂ ಪದಕ ಬಂದದ್ದಕ್ಕೂ ನಡುವೆ ಒಂಬತ್ತು ವರ್ಷಗಳಿದ್ದವು.

ಸುಟ್ಟ ಕಡತ, ಉಳಿದ ವೋಚರ್

ದಾಖಲೆ ಕಳೆದುಕೊಂಡ ದೇಶ ನಮ್ಮದೊಂದೇ ಅಲ್ಲ. 1940ರ ಸೆಪ್ಟೆಂಬರ್‌ನಲ್ಲಿ ಜರ್ಮನ್ ಬಾಂಬು ಬಿದ್ದು ಲಂಡನ್ನಿನ ಒಂದು ಉಗ್ರಾಣದಲ್ಲಿದ್ದ ಮೊದಲ ಮಹಾಯುದ್ಧದ ಸೈನಿಕರ ಕಡತಗಳಲ್ಲಿ ಅರ್ಧಕ್ಕೂ ಹೆಚ್ಚು ಸುಟ್ಟವು. 1973ರ ಜುಲೈ 12ರಂದು ಅಮೆರಿಕದ ಸೇಂಟ್ ಲೂಯಿಸ್ ನಗರದ ದಾಖಲೆ ಕೇಂದ್ರಕ್ಕೆ ಬೆಂಕಿ ಬಿತ್ತು. 1.6 ಕೋಟಿಯಿಂದ 1.8 ಕೋಟಿ ಕಡತಗಳು ಹೋದವು. 1912ರಿಂದ 1960ರ ನಡುವೆ ಬಿಡುಗಡೆಯಾದ ಭೂಸೇನೆಯವರ ಕಡತಗಳಲ್ಲಿ ನೂರಕ್ಕೆ 80ರಷ್ಟು ಬೂದಿಯಾದವು. ಎರಡು ಮಹಾಯುದ್ಧ, ಕೊರಿಯಾ ಯುದ್ಧ ಎಲ್ಲ ಆ ಅವಧಿಯಲ್ಲೇ ಬರುತ್ತವೆ. ನಕಲು ಇರಲಿಲ್ಲ, ಸೂಚಿಯೂ ಇರಲಿಲ್ಲ.

ಹಾಗೆಂದು ಅಲ್ಲಿ ಗಾಯಾಳುಗಳ ಅರ್ಜಿಗಳನ್ನೆಲ್ಲ ತಿರಸ್ಕರಿಸಲಿಲ್ಲ. ಬೇರೆ ಕಚೇರಿಗಳಲ್ಲಿ ಉಳಿದ ಕಾಗದಗಳಿಂದ ಸೇವೆಯ ವಿವರವನ್ನು ಮತ್ತೆ ಕಟ್ಟಲು ಶುರುಮಾಡಿದರು. ಕೊನೆಯ ಸಂಬಳದ ವೋಚರ್, ಪಲ್ಟನ್ನಿನ ದಿನದ ಹಾಜರಿ ವರದಿ, ಆಸ್ಪತ್ರೆಯ ದಾಖಲು ಪಟ್ಟಿ, ಜೊತೆಗಾರರ ಪ್ರಮಾಣಪತ್ರ, ಇವೇ ಆಧಾರ. ಸೈನಿಕನೊಬ್ಬ ಸೈನ್ಯದಲ್ಲಿದ್ದ ಎಂಬುದಕ್ಕೆ ಕೊನೆಗೆ ಸಂಬಳದ ಚೀಟಿ ಸಾಕ್ಷಿ ನುಡಿಯಿತು. ಲೆಕ್ಕಪತ್ರದವರಾದ ನಮಗೆ ಇದು ಖುಷಿ ಕೊಟ್ಟ ಸಂಗತಿ ಎಂದು ಮುಚ್ಚಿಡದೆ ಹೇಳುತ್ತೇವೆ.

ಟ್ರಂಕು ತೆರೆದು ನೋಡಿ

ಊರಿನ ಮನೆಯ ಅಟ್ಟದಲ್ಲಿ ಕಪ್ಪು ಬಣ್ಣದ, ಮೇಲೆ ಬಿಳಿ ಅಕ್ಷರದ ಟ್ರಂಕು ಇದ್ದರೆ ಅದನ್ನು ಗುಜರಿಗೆ ಹಾಕಬೇಡಿ. ಅದರೊಳಗೆ ಇವು ಸಿಗಬಹುದು.

ಮೊದಲನೆಯದು ಡಿಸ್ಚಾರ್ಜ್ ಪುಸ್ತಕ. ಅದರಲ್ಲಿ ಸೇನಾ ಸಂಖ್ಯೆ, ಸೇರಿದ ಮತ್ತು ಬಿಟ್ಟ ದಿನಾಂಕ, ದೇಹದ ಗುರುತುಗಳು, ಪದಕಗಳ ಪಟ್ಟಿ ಇರುತ್ತವೆ. ಬಿಡುಗಡೆಯ ದಿನದ ಗುರುತುಗಳಲ್ಲಿ ತೊಡೆಯ ಗಾಯದ ಕಲೆ ಇದ್ದು, ಭರ್ತಿಯ ದಿನದ ಕಾಗದದಲ್ಲಿ ಅದು ಇಲ್ಲದಿದ್ದರೆ, ಗಾಯ ಸೇವೆಯ ಅವಧಿಯಲ್ಲೇ ಆಯಿತೆಂದು ಹೇಳಲು ಅದು ಆಧಾರ. ಪದಕಗಳ ಪಟ್ಟಿಯಲ್ಲಿ ಪಶ್ಚಿಮಿ ಸ್ಟಾರ್ ಇದ್ದರೆ 1971ರಲ್ಲಿ ಪಶ್ಚಿಮ ರಂಗದಲ್ಲಿದ್ದರು ಎಂದರ್ಥ. ಪೂರ್ವಿ ಸ್ಟಾರ್ ಇದ್ದರೆ ಬಾಂಗ್ಲಾದ ಕಡೆ. 1965ಕ್ಕೆ ಸಮರ್ ಸೇವಾ ಸ್ಟಾರ್.

ಎರಡನೆಯದು ಪತ್ರಗಳು. ಆಸ್ಪತ್ರೆಯಿಂದ ಬರೆದ ಇನ್‌ಲ್ಯಾಂಡ್ ಪತ್ರ, ಮನಿ ಆರ್ಡರ್ ಚೂರು, ಗಾಯದ ವಿಷಯ ತಿಳಿಸಿದ ತಂತಿ. ದಿನಾಂಕದ ಅಂಚೆ ಮುದ್ರೆ ಸ್ಪಷ್ಟವಿದ್ದರೆ ಅದಕ್ಕೆ ಬೆಲೆಯಿದೆ. 30 ವರ್ಷಕ್ಕೂ ಹಳೆಯ ಕಾಗದ ಅದು ಇರಬೇಕಾದ ಜಾಗದಿಂದಲೇ ಬಂದಿದ್ದರೆ ಅದು ಅಸಲಿ ಎಂದು ಭಾವಿಸಲು ನಮ್ಮ ಸಾಕ್ಷ್ಯ ಕಾನೂನು ನ್ಯಾಯಾಲಯಕ್ಕೆ ಅವಕಾಶ ಕೊಡುತ್ತದೆ. ಹಳೆಯ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದು ಇತ್ತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದೆ. ಆದ್ದರಿಂದ ಮೂಲ ಕಾಗದವನ್ನು ಯಾರ ಕೈಗೂ ಕೊಡದೆ, ಲ್ಯಾಮಿನೇಷನ್ ಮಾಡಿಸದೆ, ಫೋಟೊ ತೆಗೆದು ಮತ್ತೆ ಅಲ್ಲೇ ಇಡಿ.

ಮೂರನೆಯದು ಮೈಯೇ. ಎಕ್ಸ್‌ರೇ ತೆಗೆಸಿ, ಲೋಹದ ಚೂರು ಎಲ್ಲಿದೆ, ಎಷ್ಟಿದೆ ಎಂದು ವೈದ್ಯರಿಂದ ಬರೆಸಿಕೊಳ್ಳಿ. ಮೈಯಲ್ಲಿ ಚೂರು ಇರುವವರು ಎಂಆರ್‌ಐ ಕೋಣೆಗೆ ಹೋಗುವ ಮೊದಲು ಹೇಳಲೇಬೇಕು. ಆ ಯಂತ್ರದ ಕಾಂತಶಕ್ತಿಗೆ ಕಬ್ಬಿಣದ ಚೂರು ಅಲುಗಿ ಅಪಾಯವಾಗಬಹುದು.

ನಾಲ್ಕನೆಯದು, ಎಲ್ಲಕ್ಕಿಂತ ಬೇಗ ಕಳೆದುಹೋಗುವುದು, ಜೊತೆಗಾರರು. ಗಾಯವಾದಾಗ ಪಕ್ಕದಲ್ಲಿದ್ದವರು, ಎತ್ತಿಕೊಂಡು ಬಂದವರು, ಆಸ್ಪತ್ರೆಯಲ್ಲಿ ನೋಡಿದವರು. ಅವರು ಕಂಡದ್ದನ್ನಷ್ಟೇ ನೋಟರಿಯ ಮುಂದೆ ಪ್ರಮಾಣಪತ್ರದಲ್ಲಿ ಬರೆದುಕೊಡಲಿ. ಅವರ ಸೇನಾ ಸಂಖ್ಯೆ, ಪಲ್ಟನ್, ದರ್ಜೆ, ಅವರ ಡಿಸ್ಚಾರ್ಜ್ ಪುಸ್ತಕದ ಪ್ರತಿ ಜೊತೆಗಿರಲಿ. ನಮ್ಮ ಮಿತ್ರರ ತಂದೆ ನೆನಪಿಸಿಕೊಂಡ ಹೆಸರು ಮೂರು. ಒಬ್ಬರ ವಿಳಾಸ ಸಿಗಲಿಲ್ಲ. ಇನ್ನೊಬ್ಬರ ಮನೆಗೆ ಫೋನ್ ಮಾಡಿದಾಗ ಅವರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಮೂರನೆಯವರು ಪಕ್ಕದ ಜಿಲ್ಲೆಯಲ್ಲಿದ್ದರು. ಹೆಸರು ಹೇಳಿದ ಕೂಡಲೇ ಯಾವ ಕಾಲು ಎಂದು ಅವರೇ ಹೇಳಿದರಂತೆ.

ಎಲ್ಲಿಗೆ ಬರೆಯಬೇಕು?

ಸೇನೆಯ ದಾಖಲೆಗಳು ಒಂದೇ ಕಡೆ ಇಲ್ಲ. ಪ್ರತಿ ರೆಜಿಮೆಂಟಿಗೂ ಅದರದೇ ದಾಖಲೆ ಕಚೇರಿ. ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರಿಗೆ ಬೆಂಗಳೂರು, ಮರಾಠಾ ಲಘು ಪದಾತಿ ದಳದವರಿಗೆ ಬೆಳಗಾವಿ, ಮದ್ರಾಸ್ ರೆಜಿಮೆಂಟಿನವರಿಗೆ ನೀಲಗಿರಿಯ ವೆಲ್ಲಿಂಗ್ಟನ್, ಇಎಂಇಯವರಿಗೆ ಸಿಕಂದರಾಬಾದ್, ಫಿರಂಗಿ ದಳದವರಿಗೆ ನಾಸಿಕ್ ರೋಡ್, ಸಿಗ್ನಲ್ಸ್‌ನವರಿಗೆ ಜಬಲ್ಪುರ. ಸಂಖ್ಯೆ, ಹೆಸರು, ಪಲ್ಟನ್, ಗಾಯದ ದಿನಾಂಕ ಮತ್ತು ಜಾಗ, ಸೇರಿದ ಆಸ್ಪತ್ರೆ, ಇಷ್ಟನ್ನು ಒಂದೇ ಪುಟದಲ್ಲಿ ಬರೆದು ಕಳಿಸಿ.

ಕಡತ ನಾಶವಾಗಿದೆ ಎಂಬ ಉತ್ತರ ಬಂದರೆ ಅಲ್ಲಿಗೆ ನಿಲ್ಲಬೇಡಿ. ಲಾಂಗ್ ರೋಲ್ ಎಂಬ ಪಟ್ಟಿಯನ್ನು ನಾಶ ಮಾಡುವುದಿಲ್ಲ. ಅದರ ನಮೂದಿನ ಪ್ರತಿ ಕೇಳಿ. ಗಾಯದ ವಿವರ ಅದರಲ್ಲಿ ಇಲ್ಲದಿದ್ದರೂ ಆ ಸಂಖ್ಯೆಯ ಸೈನಿಕ ಆ ಅವಧಿಯಲ್ಲಿ ಇದ್ದನೆಂಬುದು ಅಧಿಕೃತವಾಗಿ ಸಿಗುತ್ತದೆ. ಪಲ್ಟನ್ನಿನ ಯುದ್ಧ ದಿನಚರಿಯ ಬಗ್ಗೆಯೂ ಕೇಳಿ. 2021ರ ಜೂನ್‌ನಲ್ಲಿ ರಕ್ಷಣಾ ಸಚಿವಾಲಯ ತಂದ ನೀತಿಯಂತೆ ಯುದ್ಧ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷದಲ್ಲಿ ಮುಕ್ತಗೊಳಿಸಬೇಕು. ಅದಕ್ಕಿಂತ ಹಳೆಯವನ್ನು ತಜ್ಞರು ಪರಿಶೀಲಿಸಿ ರಾಷ್ಟ್ರೀಯ ಪತ್ರಾಗಾರಕ್ಕೆ ಕಳಿಸಬೇಕು.

ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ವಿದೇಶದಲ್ಲಿರುವ ಭಾರತೀಯರು ಶುಲ್ಕ ಕಟ್ಟಲು 2013ರಿಂದ ಇ-ಪೋಸ್ಟಲ್ ಆರ್ಡರ್ ಸೌಲಭ್ಯವಿದೆ. ಆದರೆ ಎರಡು ಎಚ್ಚರಿಕೆ. ಈ ಹಕ್ಕು ಭಾರತದ ಪ್ರಜೆಗಳಿಗೆ ಮಾತ್ರ. ಕೀನ್ಯಾದ ಪಾಸ್‌ಪೋರ್ಟ್ ಪಡೆದು ಒಸಿಐ ಕಾರ್ಡ್ ಹೊಂದಿದವರು ತಮ್ಮ ಹೆಸರಿನಲ್ಲಿ ಅರ್ಜಿ ಹಾಕುವಂತಿಲ್ಲ. ಇನ್ನೊಂದು, ಬೇರೆಯವರ ವೈಯಕ್ತಿಕ ಕಡತ ಕೇಳಿದರೆ ನಿರಾಕರಿಸಬಹುದು. ಹಾಗಾಗಿ ತಂದೆಯ ಹೆಸರಿನಲ್ಲಿ, ತಂದೆಯ ಸಹಿಯಲ್ಲೇ ಅರ್ಜಿ ಹೋಗುವುದು ಒಳ್ಳೆಯದು.

ಊರಿನಲ್ಲಿ ಓಡಾಡುವವರು ಯಾರು ಎಂಬುದು ನಮ್ಮಂಥವರ ದೊಡ್ಡ ಕಷ್ಟ. ನಿಮ್ಮ ಹೆಸರಿನಲ್ಲಿ ಆಗಬೇಕಾದ ಕೆಲಸಕ್ಕೆ ತಮ್ಮನಿಗೋ ತಂಗಿಗೋ ಅಧಿಕಾರ ಪತ್ರ ಕೊಡುವುದಾದರೆ ನೈರೋಬಿಯ ಭಾರತೀಯ ಹೈಕಮಿಷನ್‌ನಲ್ಲಿ ದೃಢೀಕರಿಸಿ ಕಳಿಸಿ. ಅದು ಕರ್ನಾಟಕಕ್ಕೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ತಂದೆಯ ಹೆಸರು ನೋಂದಣಿಯಾಗಿದೆಯೇ ಎಂದೂ ನೋಡಿ. ಅರ್ಜಿ ಅಲ್ಲಿನ ಮುಖಾಂತರ ಹೋದರೆ ಅದಕ್ಕೊಂದು ಬೆನ್ನು ಸಿಗುತ್ತದೆ. ಪದಕ ಕೊಡಿಸುತ್ತೇವೆಂದು ಹಣ ಕೇಳುವ ಮಧ್ಯವರ್ತಿಗಳಿಂದ ದೂರವಿರಿ.

ಪದಕ ಬೇರೆ, ಪಿಂಚಣಿ ಬೇರೆ

ಎರಡನ್ನೂ ಒಂದೇ ಅರ್ಜಿಯಲ್ಲಿ ಬೆರೆಸುವುದು ಬೇಡ. ಪದಕ ಗಾಯವಾದದ್ದಕ್ಕೆ. ಪಿಂಚಣಿ ಗಾಯದಿಂದ ಉಳಿದ ಅಂಗವೈಕಲ್ಯಕ್ಕೆ. ಅದನ್ನು ವೈದ್ಯಕೀಯ ಮಂಡಳಿ ಅಳೆಯಬೇಕು. ಪಿಂಚಣಿಯ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಎರಡು ತೀರ್ಪು ತಿಳಿದಿರಲಿ. 2013ರ ಧರಂವೀರ್ ಸಿಂಗ್ ಪ್ರಕರಣದಲ್ಲಿ, ಭರ್ತಿಯ ವೇಳೆ ಕಾಯಿಲೆಯ ನಮೂದು ಇಲ್ಲದಿದ್ದರೆ ಅದು ಸೇವೆಯಿಂದಲೇ ಬಂತೆಂದು ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದು ಎಂದಿತು. 2008ರ ತರ್ಸೇಮ್ ಸಿಂಗ್ ಪ್ರಕರಣದಲ್ಲಿ, ತಡವಾಗಿ ಬಂದರೂ ಪಿಂಚಣಿಯ ಹಕ್ಕು ಹೋಗುವುದಿಲ್ಲ, ಆದರೆ ಹಿಂಬಾಕಿ ಮಾತ್ರ ಅರ್ಜಿ ಹಾಕುವ ಹಿಂದಿನ ಮೂರು ವರ್ಷಕ್ಕೆ ಸೀಮಿತ ಎಂದಿತು. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಅರ್ಹತೆ ಇರುವವರಿಗೆ ಈಗ ತಡಮಾಡಿದ ಪ್ರತಿ ತಿಂಗಳೂ ಒಂದು ತಿಂಗಳ ನಷ್ಟ. ಇಲಾಖೆ ನಿರಾಕರಿಸಿದರೆ 2007ರ ಕಾಯ್ದೆಯಂತೆ ಬಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಅಂತಿಮ ಆದೇಶದ ಆರು ತಿಂಗಳೊಳಗೆ ಹೋಗಬೇಕು. ತಡವಾದರೆ ಕಾರಣ ಕೊಟ್ಟು ಕ್ಷಮಿಸುವಂತೆ ಕೇಳಬಹುದು.

ಎಲ್ಲ ಮಾಡಿದರೂ ಪದಕ ಬಂದೇ ಬರುತ್ತದೆ ಎಂದು ಹೇಳಲಾಗದು. ಕಾಗದವಿಲ್ಲದ ಹಕ್ಕನ್ನು ಸುಲಭವಾಗಿ ಒಪ್ಪಿಬಿಟ್ಟರೆ ಸುಳ್ಳು ಹೇಳುವವರಿಗೂ ಬಾಗಿಲು ತೆರೆದಂತೆ. ಅಧಿಕಾರಿಗಳು ಸಾಕ್ಷಿ ಕೇಳುವುದರಲ್ಲಿ ನ್ಯಾಯವಿದೆ. ನಾವು ಅವರ ಕುರ್ಚಿಯಲ್ಲಿದ್ದರೆ ನಾವೂ ಕೇಳುತ್ತಿದ್ದೆವು. ಹಾಗಾಗಿ ಅರ್ಜಿಯಲ್ಲಿ ಒಂದು ಸಾಲೂ ಉಬ್ಬಿಸಿ ಬರೆಯಬಾರದು. ದಿನಾಂಕ ಖಚಿತವಿಲ್ಲದಿದ್ದರೆ ಸುಮಾರು ಎಂದೇ ಬರೆಯಿರಿ. ಒಂದು ಸುಳ್ಳು ಸಿಕ್ಕರೆ ಹತ್ತು ನಿಜ ಬಿದ್ದುಹೋಗುತ್ತವೆ.

ನಮ್ಮ ಮಿತ್ರರ ತಂದೆಯ ಲಾಂಗ್ ರೋಲ್ ಪ್ರತಿ ಕೈಗೆ ಬಂದಿದೆ. ಎಕ್ಸ್‌ರೇ, ವೈದ್ಯರ ಪತ್ರ, ಪಕ್ಕದ ಜಿಲ್ಲೆಯ ಜೊತೆಗಾರರ ಪ್ರಮಾಣಪತ್ರ, 1972ರ ಜನವರಿಯ ಮುದ್ರೆಯಿರುವ ಒಂದು ಪತ್ರ, ಎಲ್ಲ ಸೇರಿಸಿ ಅರ್ಜಿ ಹೋಗಿದೆ. ಉತ್ತರ ಬಂದಿಲ್ಲ. ಈ ವಯಸ್ಸಿನಲ್ಲಿ ಪದಕ ಇಟ್ಟುಕೊಂಡು ಏನು ಮಾಡಬೇಕು ಎಂದು ಅವರು ಮೊದಮೊದಲು ಹೇಳುತ್ತಿದ್ದರಂತೆ. ಈಗ ವಾರಕ್ಕೊಮ್ಮೆ ಫೋನಿನಲ್ಲಿ, ಅಂಚೆಯವನು ಬಂದಿಲ್ಲ ಎಂದು ತಾವಾಗಿಯೇ ಹೇಳುತ್ತಾರೆ.

ಇಲ್ಲಿ ಡಿಸೆಂಬರ್ ಎಂದರೆ ಶಾಲೆಗಳಿಗೆ ರಜೆ, ಊರಿಗೆ ಹೋಗುವ ಕಾಲ. ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನವೂ ಹೌದು. ಈ ಸಲ ಹೋದಾಗ ಮನೆಯ ಹಿರಿಯ ಸೈನಿಕರ ಬಳಿ ಕೂತು ಮೂರು ಪ್ರಶ್ನೆ ಕೇಳಿ: ನಿಮ್ಮ ಸಂಖ್ಯೆ ಏನು, ಯಾವ ದಿನ ಎಲ್ಲಿ ಗಾಯವಾಯಿತು, ಆಗ ಪಕ್ಕದಲ್ಲಿ ಯಾರಿದ್ದರು. ಉತ್ತರವನ್ನು ಅಂದೇ ಬರೆದು, ದಿನಾಂಕ ಹಾಕಿ, ಅವರ ಸಹಿ ಮಾಡಿಸಿ. ಮೂರನೇ ಪ್ರಶ್ನೆಗೆ ಸಿಕ್ಕ ಹೆಸರಿಗೆ ಅಂದೇ ಸಂಜೆ ಫೋನ್ ಮಾಡಿ.